ಮಾದಪ್ಪನಿಗೆ ನಲವತ್ತು ಸ್ಕ್ಯಾನು

ಏಳುಮಲೆಯ ಒಡೆಯ ಮಾದಪ್ಪನೇ, ನಿನ್ನ ಪಾದಕ್ಕೆ ಶರಣು. ಈ ಭಕ್ತನ ಪೆದ್ದುತನ ಕೇಳಿ ನಾಲ್ಕು ಜನ ನಕ್ಕರೆ ಅದನ್ನೂ ಒಂದು ಸೇವೆಯೆಂದುಕೋ.

ತೊಂಬತ್ತರ ದಶಕದ ಕೊನೆಯಲ್ಲಿ ಸೇಲಂನ ಒಂದು ಸ್ಕ್ಯಾನ್ ಸೆಂಟರಿಗೆ ಹೊಸ ಕಂಪ್ಯೂಟರ್ ಪ್ರೋಗ್ರಾಂ ಬಂತು. ಯಾವ ರೋಗಿಯ ಮೈಮೇಲೆ ಎಷ್ಟು ಎಕ್ಸ್‌ರೇ ಕಿರಣ ಬಿದ್ದಿದೆ ಎಂದು ಬರೆದಿಟ್ಟು, ಮಿತಿ ಮೀರಿದರೆ ಕೆಂಪಕ್ಷರದಲ್ಲಿ ತಡೆಯುವುದು ಅದರ ಕೆಲಸ. ಅದರ ತಪ್ಪು ಹುಡುಕುವುದು ನನ್ನ ಕೆಲಸ. ತಿಂಗಳೊಳಗೆ ಸೆಂಟರಿನ ಡಾಕ್ಟರು ಅದನ್ನು ಒಪ್ಪಿ ಸಹಿ ಹಾಕದಿದ್ದರೆ ನಾನು ಕೆಲಸ ಬಿಟ್ಟು ನನ್ನೂರು ನಲ್ಲಂಪಳ್ಳಿಗೆ ವಾಪಸ್ಸು. ಇಂಥ ಕಡೆ ದಿನಕ್ಕೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ನನ್ನ ಪಾಲಿಗೆ ತಮಾಷೆ ನಾನೇ.

೧. ಮೈನಸ್ ಐದು

ಮೊದಲ ದಿನ ಕಿರಣದ ಅಳತೆಯ ಜಾಗದಲ್ಲಿ ಮೈನಸ್ ಐದು ಎಂದು ಒತ್ತಿದೆ. ಬೇಡವೆನ್ನಬೇಕಿದ್ದ ಪ್ರೋಗ್ರಾಂ ತೆಪ್ಪಗೆ ಒಪ್ಪಿಕೊಂಡಿತು. ತಪ್ಪು ಸಿಕ್ಕಿತೆಂದು ಹೆಮ್ಮೆಯಿಂದ ಎಕ್ಸ್‌ರೇ ತೆಗೆಯುವ ಅಕ್ಕನಿಗೆ ತೋರಿಸಿದೆ.

"ಅಂಗೇ ಬುಡಣ್ಣ, ಸರಿ ಮಾಡ್ಬ್ಯಾಡ" ಅಂದಳು. "ಇಷ್ಟು ವರ್ಸ ನನ್ ಮ್ಯಾಲೆ ಬಿದ್ದಿರೋದ್ನೆಲ್ಲ ಇದ್ರಲ್ಲೇ ಕಳ್ಕೋತೀನಿ."

೨. ಸೊನ್ನೆ

ಶುಕ್ರವಾರ ಕೀಬೋರ್ಡಿಗೆ ವಿಭೂತಿ ಹಚ್ಚಿ ಕೂತೆ. ಅವತ್ತಿಂದ ಮೂವತ್ತು ಒತ್ತಿದರೆ ಮೂರು ಸಾವಿರ ಬೀಳತೊಡಗಿತು. ನಾಲ್ಕು ದಿನ ತಪ್ಪಿನ ಪಟ್ಟಿ ಬರೆದು, ಪ್ರೋಗ್ರಾಂ ಬರೆದವನನ್ನು ಹರೂರಿನಿಂದ ಕರೆಸಿದೆ. ಅವನು ಬಸ್ಸಿಳಿದು ಬಂದು ಕೀಬೋರ್ಡನ್ನು ತಲೆಕೆಳಗು ಮಾಡಿ ಕುಟ್ಟಿದ. ಸೊನ್ನೆಯ ಗುಂಡಿಯ ಸಂದಿಯಿಂದ ಉದುರಿದ ವಿಭೂತಿಯನ್ನು ಹಣೆಗಿಟ್ಟುಕೊಂಡು ಕೇಳಿದ:

"ಪ್ರಸಾದಕ್ಕೆ ಇಷ್ಟು ದೂರ ಕರೆಸ್ಬೇಕಿತ್ತಾ ಸಾರ್?"

೩. ಕೆಂಪಕ್ಷರ

ಪರೀಕ್ಷೆಗೆ ಸುಳ್ಳು ರೋಗಿಗಳು ಬೇಕು. ಬದುಕಿರುವವರ ಹೆಸರಿಗೆ ಕಾಯಿಲೆ ಬರೆಯಲು ಮನಸ್ಸಾಗಲಿಲ್ಲ. ದೇವರಿಗಾದರೆ ಯಾವ ಕಾಯಿಲೆಯೂ ತಟ್ಟದೆಂದು 'ಮಾದಪ್ಪ, ಕೊಳತ್ತೂರು' ಎಂದು ಬರೆದು ನಲವತ್ತು ಸ್ಕ್ಯಾನ್ ತುಂಬಿಸಿದೆ. ಆ ಕಡೆ ಮೂರು ಮನೆಗೊಬ್ಬ ಮಾದಪ್ಪ ಇರುವುದು ಹೊಳೆಯಲಿಲ್ಲ. ಅಳಿಸುವುದೂ ಮರೆತುಹೋಯಿತು.

ಡಾಕ್ಟರು ಸಹಿ ಹಾಕಲು ಕೂತ ದಿನವೇ ಕೊಳತ್ತೂರಿನ ಮಾದಪ್ಪನೆಂಬ ಮುದುಕರು ಹೆಂಡತಿಯ ಜೊತೆ ತಲೆನೋವೆಂದು ಬಂದರು. ಹೆಸರು ಒತ್ತಿದೊಡನೆ ಕೆಂಪಕ್ಷರ.

"ಇವರಿಗೆ ಇಲ್ಲಿ ಆಗಲೇ ನಲವತ್ತು ಸಲ ಸ್ಕ್ಯಾನ್ ಆಗಿದೆಯಲ್ಲ" ಎಂದರು ಡಾಕ್ಟರು.

ಅಜ್ಜಿ ಗಂಡನತ್ತ ತಿರುಗಿದಳು. "ನಂಗೇಳ್ದೆ ನಲವತ್ತು ದಪ ಸೇಲಂಗ್ ಬಂದಿದ್ದೀಯಾ?"

"ಇಲ್ವೇ, ಸಾಮಿ ಆಣೆಗೂ ಇಲ್ಲ."

"ಮಿಷನ್ನು ಸುಳ್ಳೇಳ್ತೈತಾ?"

ಬಾಯಿ ಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಬಿಡದಿದ್ದರೆ ಮುದುಕರ ಮಾನ. ದೇವರನ್ನು ನೆನೆದು, ಡಾಕ್ಟರ ಮುಂದೆ ಕೈಮುಗಿದು ಎಲ್ಲ ಹೇಳಿಬಿಟ್ಟೆ. ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ ಸಹಿ ಹಾಕಿದರು.

"ನಲವತ್ತು ಕಂಡ ಕೂಡ್ಲೆ ತಡೀತಲ್ಲ, ಪ್ರೋಗ್ರಾಂ ಪಾಸು. ಸ್ಕ್ಯಾನ್ ಆಗ್ಬೇಕಾಗಿರೋದು ನಿಮ್ ತಲೆಗೆ."

ಮುದುಕರಿಗೆ ಹೋದ ಜೀವ ಬಂದಂತಾಯಿತು. ಹೆಂಡತಿಯ ಕಡೆ ಎದೆಯುಬ್ಬಿಸಿ ಹೇಳಿದರು: "ಕೇಳ್ದಾ? ನಲವತ್ತಂತೆ ನಲವತ್ತು. ನಾನ್ ಬಂದಿದ್ದೇ ಎಲ್ಡು ದಪ, ಅದೂ ಸಿನಿಮಾಕ್ಕೆ."

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ಮೈಯನ್ನೂ ಮನೆಯನ್ನೂ ದೇವರು ತಣ್ಣಗಿಡಲಿ.