ವಾರಗಿತ್ತಿಯರ ಅರ್ಧ ಗಂಟೆ

ಅಜ್ಜಿ: ನಾನು ಸತ್ರೂ ಅವಳ ಜೊತೆ ಮಾತಾಡಲ್ಲ!

ಮೊಮ್ಮಗಳು: ಸತ್ತ ಮೇಲೆ ಮಾತಾಡಿದ್ರೆ ನಮ್ಮ ಮೇಡಂ ಒಪ್ಪಲ್ಲ ಅಜ್ಜಿ. ಇವತ್ತು ಸಂಜೆ ಐದರೊಳಗೆ ನಿಮ್ಮಿಬ್ಬರ ಮಾತಿನ ರೆಕಾರ್ಡಿಂಗ್ ಕೊಡ್ಲಿಲ್ಲ ಅಂದ್ರೆ ವರ್ಷವೆಲ್ಲ ಓದಿದ್ದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ.

ಮೊಮ್ಮಗಳು ಯುನಿವರ್ಸಿಟಿಯಲ್ಲಿ ಭಾಷಾವಿಜ್ಞಾನ ಓದುತ್ತಿದ್ದಳು. ಅಜ್ಜಿ ಮುಂದಿನ ಕೋಣೆಯಲ್ಲಿ ಕೂತು ಓಣಿಯವರ ಬಟ್ಟೆ ಹೊಲಿಯುತ್ತಿದ್ದಳು. ಅವಳ ವಾರಗಿತ್ತಿ, ಅಂದರೆ ಮೈದುನನ ಹೆಂಡತಿ, ಮೊಮ್ಮಗಳಿಗೆ ಚಿಕ್ಕಜ್ಜಿ, ಅದೇ ಮನೆಯ ಗೋಡೆಯಾಚೆಗಿನ ಭಾಗದಲ್ಲಿದ್ದಳು. ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು.

ಅಜ್ಜಿ: ಮಾತು ಕಲಿಯೋಕೆ ಯುನಿವರ್ಸಿಟಿ ಬೇರೆ ಕೇಡು! ಎರಡು ವರ್ಷದವಳಿದ್ದಾಗಲೇ ಮನೆಯವರ ತಲೆ ತಿನ್ನೋಷ್ಟು ಕಲ್ತಿದ್ದೆ.

ಮೊಮ್ಮಗಳು: ಬೇರೆ ಬೇರೆ ಕಡೆಯಿಂದ ಬಂದು ಒಂದೇ ಒಲೆ ಮುಂದೆ ನಲವತ್ತು ವರ್ಷ ಕಳೆದ ಇಬ್ಬರ ಮಾತು ಹೇಗೆ ಒಂದಾಯ್ತು ಅಂತ ತೋರಿಸಬೇಕು.

ಅಜ್ಜಿ: ಒಂದಾಗಿಲ್ಲ ಅಂತ ಬರ್ಕೋ.

ಅಷ್ಟರಲ್ಲಿ ಚಿಕ್ಕಜ್ಜಿ ಬಾಗಿಲಲ್ಲಿ ಬಂದು ನಿಂತಳು.

ಚಿಕ್ಕಜ್ಜಿ: ಪುಟ್ಟಿ ಕರೆದಳು ಅಂತ ಬಂದೆ. ಬೇರೆ ಯಾರ ಮುಖ ನೋಡೋಕೂ ಅಲ್ಲ.

ಮೊಮ್ಮಗಳು: ಅರ್ಧ ಗಂಟೆ ನೀವಿಬ್ಬರೇ ಮಾತಾಡಬೇಕು. ನಾನು ಮಧ್ಯ ಬಾಯಿ ಹಾಕೋ ಹಾಗಿಲ್ಲ.

ಅಜ್ಜಿಗೆ ಇದು ಪೇಚಿಗಿಟ್ಟುಕೊಂಡಿತು. ಇಷ್ಟು ದಿನ ‘ಅವಳಿಗೆ ಹೇಳು’ ಎನ್ನಲು ಇದೇ ಮೊಮ್ಮಗಳಿದ್ದಳು. ಈಗ ಅವಳು ಮೂಲೆಯಲ್ಲಿ ತುಟಿಗೆ ಬೆರಳಿಟ್ಟು ಕೂತಿದ್ದಾಳೆ, ಫೋನು ಕೆಂಪು ದೀಪ ಹಚ್ಚಿಕೊಂಡು ಕಾಯುತ್ತಿದೆ. ಅಜ್ಜಿ ಹೊಲಿಗೆ ಯಂತ್ರದ ಕಡೆ ತಿರುಗಿದಳು.

ಅಜ್ಜಿ: ನೋಡಪ್ಪಾ ಮಿಷನ್ನೇ, ಬಟ್ಟೆ ಕತ್ತರಿಸೋ ಕತ್ತರೀಲಿ ಯಾರಾದ್ರೂ ತಂತಿ ಕತ್ತರಿಸ್ತಾರಾ?

ಚಿಕ್ಕಜ್ಜಿ: ಏ ಬಾಗಿಲೇ, ಆ ಮಿಷನ್ನಿಗೆ ಹೇಳು. ತಂತಿ ಯಾಕೆ ಕತ್ತರಿಸಿದ್ದು ಅಂತ ಇವತ್ತಿನವರೆಗೂ ಯಾರೂ ಕೇಳ್ಲಿಲ್ಲ.

ಅಜ್ಜಿ: ಕೇಳೋದೇನು ಮಿಷನ್ನೇ? ಗಿರಾಕಿಯ ಹೊಸ ಬಟ್ಟೇನ ಮೊಂಡಾದ ಆ ಕತ್ತರಿ ಇಲಿ ಕಡಿದ ಹಾಗೆ ಕಡೀತು!

ಚಿಕ್ಕಜ್ಜಿ: ಬಾಗಿಲೇ, ಅವತ್ತು ಇವರು ದಾರ ತರೋಕೆ ಪೇಟೆಗೆ ಹೋಗಿದ್ರು. ಗಾಳಿ ಬೀಸಿ ಬಟ್ಟೆ ಒಣಹಾಕೋ ಹಗ್ಗ ಪಟ್ ಅಂತ ಹರೀತು. ಅದರ ಮೇಲಿದ್ದ ಬಟ್ಟೆ ಯಾರದು?

ಅಜ್ಜಿ: ಯಾರದೇ?

ಯಂತ್ರವನ್ನು ಮರೆತು ಅಜ್ಜಿ ನೇರ ಅವಳ ಮುಖಕ್ಕೇ ಕೇಳಿಬಿಟ್ಟಿದ್ದಳು. ಮೂಲೆಯಲ್ಲಿ ಮೊಮ್ಮಗಳು ಉಸಿರು ಬಿಗಿಹಿಡಿದಳು.

ಚಿಕ್ಕಜ್ಜಿ: ನಿಂದೇ ಅಕ್ಕ! ಹೊಲಿಯೋಕೆ ಮುಂಚೆ ನೆನೆಸಿ ಹಾಕಿದ್ಯಲ್ಲ, ಲೈನಿಂಗ್ ಬಟ್ಟೆ, ಹನ್ನೆರಡು ತುಂಡು. ಎಲ್ಲಾ ಚರಂಡಿ ಪಾಲಾಗೋದು. ಕೈಗೆ ಸಿಕ್ಕಿದ್ದು ನಿನ್ನ ಕತ್ತರಿ. ತಂತಿ ಕತ್ತರಿಸಿ ಹಗ್ಗಕ್ಕೆ ಬಿಗಿದೆ.

ಅಜ್ಜಿ: ಅದನ್ನ ಅವತ್ತೇ ಬೊಗಳೋಕೆ ಏನಾಗಿತ್ತು?

ಚಿಕ್ಕಜ್ಜಿ: ನೀನು ಬಿಟ್ಟಿದ್ರೆ ತಾನೆ! ನಾನು ಉಸಿರೆಳ್ಕೊಳ್ಳೋದ್ರೊಳಗೆ ನೀನು ಹತ್ತು ಮಾತಾಡಿ ಬಾಗಿಲು ಹಾಕ್ಕೊಂಡೆ.

ಅಜ್ಜಿ ಬಹಳ ಹೊತ್ತು ಸೊರಸೊರ ಎನ್ನುತ್ತಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ, ‘ತಪ್ಪಾಯ್ತು ಕಣೇ’ ಎಂದಳು. ಅಲ್ಲಿಂದ ಮುಂದೆ ಕಟ್ಟೆ ಒಡೆದ ಕೆರೆ. ಅತ್ತೆಯ ಗದರಿಕೆ, ಗಂಡಂದಿರ ಗೊರಕೆ, ಮಂಡಿನೋವು ಎಲ್ಲವೂ ಹರಿದುಬಂದವು. ಅರ್ಧ ಗಂಟೆ ಆಗುತ್ತಲೇ ಮೊಮ್ಮಗಳು ಕುಣಿದಾಡಿ, ಕಾಗದವೊಂದನ್ನು ಮುಂದಿಟ್ಟಳು.

ಮೊಮ್ಮಗಳು: ಇಬ್ಬರೂ ಒಪ್ಪಿಗೆ ಸಹಿ ಹಾಕಿ. ಬೇಡದ ಮಾತೇನಾದ್ರೂ ಇದ್ರೆ ತೆಗೆಸಬಹುದು. ಅದು ನಿಮ್ಮ ಹಕ್ಕು.

ಅಜ್ಜಿ: ಹಾಗಾದ್ರೆ ಆ ತಪ್ಪಾಯ್ತು ಅಂದಿದ್ದು ತೆಗಿ. ಮೂಗು ಒರೆಸ್ಕೊಂಡಿದ್ದೂ ತೆಗಿ.

ಮೊಮ್ಮಗಳು: ಅಜ್ಜೀ! ಅದೇ ಎರಡು ನಿಮಿಷ ಇದೆ. ತೆಗೆದ್ರೆ ಅರ್ಧ ಗಂಟೆ ಆಗಲ್ಲ. ನಾನು ಫೇಲು!

ಅಜ್ಜಿ: ಊರ ಹುಡುಗರೆಲ್ಲ ಕೂತು ನಾನು ತಪ್ಪಾಯ್ತು ಅನ್ನೋದನ್ನ ತಿರುಗಿಸಿ ತಿರುಗಿಸಿ ಕೇಳೋದಾ? ಸಹಿ ಬೇಕಾದ್ರೆ ತೆಗಿ.

ಚಿಕ್ಕಜ್ಜಿ: ತೆಗಿಯೇ ಪುಟ್ಟಿ. ನಾನು ಕೇಳಿಸ್ಕೊಂಡಾಯ್ತಲ್ಲ, ಸಾಕು.

ಮೊಮ್ಮಗಳು ಗಡಿಯಾರ ನೋಡಿದಳು. ನಾಲ್ಕೂಕಾಲು. ಅವಳ ಕಣ್ಣಲ್ಲಿ ನೀರಾಡಿತು.

ಮೊಮ್ಮಗಳು: ಇನ್ನೆರಡು ನಿಮಿಷ ನಾನೆಲ್ಲಿಂದ ತರಲಿ?

ಅಜ್ಜಿ: ಅಳಬೇಡ, ಫೋನು ಹಾಕು. ಇವಳು ನನ್ನ ಜರಡಿ ಒಯ್ದು ತೂತು ಮಾಡಿ ತಂದಿಟ್ಟ ವಿಷಯ ಇನ್ನೂ ಬಾಕಿ ಇದೆ.

ಚಿಕ್ಕಜ್ಜಿ ಸ್ಟೂಲನ್ನು ಅಜ್ಜಿಯ ಮುಂದಕ್ಕೇ ಎಳೆದುಕೊಂಡು ಕೂತಳು.

ಚಿಕ್ಕಜ್ಜಿ: ಜರಡಿ ವಿಷಯಾನಾ? ಅದಕ್ಕೆ ಎರಡು ನಿಮಿಷ ಎಲ್ಲಿ ಸಾಕಾಗುತ್ತೆ? ನಿಮ್ಮ ಮೇಡಂಗೆ ಒಂದು ವಾರ ರಜ ಹಾಕೋಕೆ ಹೇಳೇ ಪುಟ್ಟಿ!