ಫೋಟೋದಲ್ಲಷ್ಟೇ ಸೇದಿದ ಪೈಪು

ಮರಿಲಿಂಗಪ್ಪ ಪೈಪನ್ನು ಬಾಯಿಗಿಟ್ಟದ್ದು ಜೀವಮಾನದಲ್ಲಿ ಒಂದೇ ಸಲ. ಅದೂ ಫೋಟೋ ತೆಗೆಯುವವನು ಕರಿಬಟ್ಟೆಯೊಳಗೆ ತಲೆ ತೂರಿಸಿ ಹೊರಗೆ ತೆಗೆಯುವಷ್ಟು ಹೊತ್ತು. ಯಾದಗಿರಿಯ ಆ ಸ್ಟುಡಿಯೋದಲ್ಲಿ ಬಂದವರಿಗೆ ತೊಡಿಸಲೆಂದೇ ಒಂದು ಕೋಟು, ಒಂದು ಹ್ಯಾಟು, ಒಂದು ಪೈಪು ಇಟ್ಟಿದ್ದರು. ಮೂರನ್ನೂ ಏರಿಸಿಕೊಂಡು ತೆಗೆಸಿದ ಫೋಟೋವನ್ನು ಅವನು ಶಹಾಪುರದ ತನ್ನ ಕಚೇರಿಯಲ್ಲಿ ಎಲ್ಲರಿಗೂ ತೋರಿಸಿದ. ಅಷ್ಟಕ್ಕೆ ಬಿಡದೆ, "ಮನ್ಯಾಗ ನಾ ಹಿಂಗ ಇರ್ತೇನ್ರಿ" ಎಂದೂ ಸೇರಿಸಿದ. ಆ ಒಂದು ಹೆಚ್ಚಿನ ಮಾತೇ ಮುಳುವಾಯಿತು.

ರಾಜ್ಯ ಒಂದಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಹೈದರಾಬಾದಿನ ಕಡೆ ಮುಖ ಮಾಡಿದ್ದ ಕಚೇರಿ ಈಗ ಬೆಂಗಳೂರಿನ ಕಡೆ ತಿರುಗಿ ಕೂತಿತ್ತು. ಉರ್ದುವಿನಲ್ಲಿ ಪಳಗಿದ ಗುಮಾಸ್ತರು ಕನ್ನಡದ ಒತ್ತಕ್ಷರ ಬರೆಯುವಾಗ ಬೆವರು ಒರೆಸಿಕೊಳ್ಳುತ್ತಿದ್ದರು. ಮೈಸೂರು ಕಡೆಯ ಹೊಸ ಸಾಹೇಬರು ನಂಜುಂಡಯ್ಯನವರು ಬಂದು ವಾರವಾಗಿತ್ತು. ಅವರ ಬಾಯಲ್ಲಿ ಸದಾ ಒಂದು ಪೈಪು. ಅವರ ಮೇಜಿನ ಮೇಲೆ, ಸುರಪುರಕ್ಕೆ ವರ್ಗ ಬೇಡಿದ ಮರಿಲಿಂಗಪ್ಪನ ಬದಲಿ ಅರ್ಜಿ. ಅವನ ಹೆಂಡತಿ ಮೌನಮ್ಮ ಬಾಣಂತನಕ್ಕೆಂದು ಸುರಪುರದ ತವರಿಗೆ ಹೋದವಳು, "ಇಲ್ಲಿಗೇ ಬದ್ಲಿ ಮಾಡಿಸ್ಕೊಂಡು ಬರ್ರಿ. ಇಲ್ಲಾಂದ್ರ ಕೂಸು ನಿಮ್ಮನ್ನ ನೋಡಿ ಯಾರೋ ಬಂದಾರ ಅಂತ ಅಳ್ತದ" ಎಂದು ಹಟ ಹಿಡಿದಿದ್ದಳು.

ಅಂದು ಬೆಳಿಗ್ಗೆ ಪಕ್ಕದ ಮೇಜಿನ ದಸ್ತಗೀರಸಾಬ ಸಾಹೇಬರ ಕೋಣೆಯಿಂದ ಮುಖ ಅರಳಿಸಿಕೊಂಡು ಹೊರಬಂದ.

"ಮರಿಲಿಂಗಪ್ಪ, ನಿನ್ನ ಕೆಲಸ ಆತು ತಿಳಕೋ! ನೀನೂ ಪೈಪ್ ಸೇದ್ತಿ ಅಂತ ಸಾಹೇಬ್ರಿಗೆ ಹೇಳೇನಿ. ಭಾಳ ಖುಷಿ ಆದ್ರು. ಸಂಜಿಗಿ ಪೈಪ್ ತಗೊಂಡು ಬಂಗ್ಲೇಕ್ಕ ಬಾ ಅಂದಾರ."

ಸತ್ಯ ಹೇಳಲು ಅದೇ ಸರಿಯಾದ ಹೊತ್ತು. ಆದರೆ ಕಚೇರಿಯ ಎಲ್ಲ ತಲೆಗಳೂ ಅವನ ಕಡೆ ತಿರುಗಿದ್ದವು.

"ನನ್ನ ಪೈಪ್ ಒಡದದ..." ಎಂದ ಮರಿಲಿಂಗಪ್ಪ.

"ಫಿಕರ್ ಯಾಕ? ನಮ್ಮ ಮನ್ಯಾಗ ಒಂದದ."

ದಸ್ತಗೀರಸಾಬನ ಮನೆಯಲ್ಲಿ ಪೈಪೇನೋ ಇತ್ತು. ಊರು ಬಿಟ್ಟು ಹೋದ ಯಾರೋ ಅಧಿಕಾರಿಯ ಸಾಮಾನಿನ ಜೊತೆ ಬಂದದ್ದು. ಅವನ ತಾಯಿ ಮದೀನಾಬೀ ಇಷ್ಟು ದಿನ ಅದನ್ನೇ ಲಾಳಿಕೆ ಮಾಡಿಕೊಂಡು ಕಂದೀಲಿಗೆ ಸೀಮೆಎಣ್ಣೆ ಹಾಕುತ್ತಿದ್ದಳು.

"ಇದು ಒಯ್ದ್ರ ನಾ ಎಣ್ಣಿ ಹ್ಯಾಂಗ್ ಹಾಕ್ಲಿ?" ಎಂದು ಮುದುಕಿ ಗೊಣಗಿದಳು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದರೂ ವಾಸನೆ ಹೋಗಲಿಲ್ಲ.

ಮಧ್ಯಾಹ್ನ ಕಚೇರಿಯ ಹಿಂದಿನ ಬೇವಿನ ಮರದಡಿ ತಾಲೀಮು ನಡೆಯಿತು. ಬೀಡಿಗಳನ್ನು ಬಿಚ್ಚಿ, ಪುಡಿಯನ್ನು ಚೀಲಕ್ಕೆ ಹತ್ತಿ ತುಳಿದ ಹಾಗೆ ಹೆಬ್ಬೆರಳಿನಿಂದ ಜಡಿದರು. ಮರಿಲಿಂಗಪ್ಪ ಕೆನ್ನೆ ಒಳಗೆ ಹೋಗುವಷ್ಟು ಎಳೆದ. ಗೋಡೆಗೆ ಬಾಯಿಟ್ಟು ಎಳೆದಂತಾಯಿತೇ ಹೊರತು ಹೊಗೆ ಬರಲಿಲ್ಲ.

"ಇನ್ನಾ ಗಟ್ಟಿ ಜಗ್ಗು, ಚಿಲುಮಿ ಸೇದ್ದಂಗ," ಎಂದರು ಹಿರಿಯ ಗುಮಾಸ್ತ ಹಣಮಂತ್ರಾಯರು. ಅವರಿಗೆ ಸಾಧುಗಳ ಸಹವಾಸವಿತ್ತು.

"ಅಲ್ರಿ, ಇದು ಹುಕ್ಕಾದ ಜಾತಿ. ಹೊಗಿ ಹೊಟ್ಟಿತನಕ ಹೋಗ್ಬೇಕು," ಎಂದ ದಸ್ತಗೀರಸಾಬ.

ಅರ್ಧ ಪುಡಿ ಕೆದಕಿ ತೆಗೆದು ಮತ್ತೊಂದು ಕಡ್ಡಿ ಗೀರಿದರು. ಹೊಗೆಸೊಪ್ಪಿಗಿಂತ ಮೊದಲು ಸೀಮೆಎಣ್ಣೆಗೆ ಬೆಂಕಿ ಹತ್ತಿತು. ಭಗ್ಗೆಂದು ಎದ್ದ ಉರಿ ಅವನ ಎಡಮೀಸೆಯನ್ನು ನೆಕ್ಕಿಕೊಂಡು ಹೋಯಿತು. ಹಣಮಂತ್ರಾಯರು ಕುಡಿಯುವ ನೀರಿನ ಕೊಡವನ್ನೇ ಅವನ ಮುಖಕ್ಕೆ ಸುರಿದರು. ಅರ್ಜಿ ಕೊಡಲು ಬಂದ ಹಳ್ಳಿಯವರು ಕೆಲಸ ಮರೆತು ಸುತ್ತಲೂ ನಿಂತರು.

"ಗುಮಾಸ್ತರಿಗೆ ಏನಾಗ್ಯಾದ್ರಿ?"

"ಹಲ್ಲುನೋವಿಗಿ ಇಲಾಜ್ ನಡದದ, ನೀವು ಸರೀರಿ," ಎಂದ ದಸ್ತಗೀರಸಾಬ.

ಉಳಿದ ಬಲಮೀಸೆಯನ್ನು ಎಡಕ್ಕೆ ಸರಿ ಮಾಡಲು ಹೋದ ಕ್ಷೌರಿಕ ಕೊನೆಗೆ ಮೂಗಿನಡಿ ನೊಣದಷ್ಟು ಕೂದಲು ಬಿಟ್ಟ. ಬಜಾರಿನಲ್ಲಿ ಮರಿಲಿಂಗಪ್ಪ ಕೈಯಿಂದ ಮೂಗು ಮುಚ್ಚಿಕೊಂಡೇ ನಡೆದ.

ಸಂಜೆ ಬಂಗಲೆಯ ವರಾಂಡದಲ್ಲಿ ಸಾಹೇಬರು ತಂಬಾಕಿನ ಡಬ್ಬಿಯನ್ನು ಅವನ ಮುಂದೆ ಸರಿಸಿದರು.

"ನೀವೇ ತುಂಬ್ಕೊಳ್ಳಿ. ಒಬ್ಬೊಬ್ಬರದು ಒಂದೊಂದು ಕ್ರಮ ಇರತ್ತೆ."

ಅವನು ಹೆಬ್ಬೆರಳಿನಿಂದ ಜಡಿಯುವುದನ್ನು ಅವರು ತಪ್ಪು ಲೆಕ್ಕ ನೋಡುವ ಮೇಷ್ಟರಂತೆ ನೋಡಿದರು. ಮರಿಲಿಂಗಪ್ಪ ಕಡ್ಡಿ ಗೀರಿ, ಕಣ್ಣು ಮುಚ್ಚಿ, ಗೆಳೆಯ ಹೇಳಿದಂತೆ ಹೊಗೆಯನ್ನು ಹೊಟ್ಟೆತನಕ ನುಂಗಿದ. ವರಾಂಡದ ಕಂಬಗಳು ಒಂದರ ಹಿಂದೊಂದು ನಡೆಯತೊಡಗಿದವು. ಮೆಟ್ಟಿಲವರೆಗೂ ಹೋಗಲಾಗದೆ ಅವನು ಸಾಹೇಬರ ಗುಲಾಬಿ ಕುಂಡದಲ್ಲೇ ವಾಂತಿ ಮಾಡಿಕೊಂಡ.

ತಲೆಯೆತ್ತಿದಾಗ ಸಾಹೇಬರ ಹೆಂಡತಿ ನೀರಿನ ಚೊಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಮರಿಲಿಂಗಪ್ಪನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

"ಸಾಹೇಬ್ರ, ತಪ್ಪಾತ್ರಿ," ಎಂದ, ನೆಲ ನೋಡುತ್ತ. "ನಾ ಎಂದೂ ಪೈಪ್ ಸೇದಿಲ್ರಿ. ಸ್ಟುಡಿಯೋದಾಗ ಫೋಟೋ ತೆಗಿಸ್ಕೊಂಡು ಡೌಲು ಬಡದೇನ್ರಿ. ಮಾಫ್ ಮಾಡ್ರಿ."

ಸಾಹೇಬರು ಕೋಪಗೊಳ್ಳಲಿಲ್ಲ. ತಮ್ಮ ಬಾಯಲ್ಲಿದ್ದ ಪೈಪನ್ನು ತೆಗೆದು ಬೋರಲು ಹಾಕಿದರು. ಒಂದು ಚೂರು ಬೂದಿಯೂ ಬೀಳಲಿಲ್ಲ.

"ನಂದೂ ಖಾಲೀನೇ. ಎದೆನೋವು ಅಂತ ಡಾಕ್ಟರು ಬಿಡಿಸಿದ್ದಾರೆ. ಸುಮ್ನೆ ಕಚ್ಕೊಂಡಿರ್ತೀನಿ. ಎದುರಿಗೆ ಯಾರಾದ್ರೂ ಕೂತು ಸೇದಿದ್ರೆ ಆ ಘಮನಾದ್ರೂ ಸಿಗತ್ತೆ. ನೀವು ಹೊಸಬರಾಗಿದ್ದು ಒಳ್ಳೇದೇ ಆಯ್ತು. ಅಭ್ಯಾಸ ಇರೋರು ನನ್ನ ಮಾತು ಕೇಳಲ್ಲ."

ಒಳಗಿನಿಂದ ತಮ್ಮದೇ ಇನ್ನೊಂದು ಪೈಪು ತಂದರು. ಕೊಳವೆಯೊಳಗೆ ಬಟ್ಟೆ ಸುತ್ತಿದ ತಂತಿ ಆಡಿಸಿದರು. ತಂಬಾಕನ್ನು ಬೆರಳಲ್ಲಿ ಬಿಡಿಸಿ ತಳಕ್ಕೆ ಸುಮ್ಮನೆ ಉದುರಿಸಿದರು. ಅದರ ಮೇಲೆ ಇನ್ನಷ್ಟು ಹಾಕಿ ಮೆಲ್ಲಗೆ ಒತ್ತಿದರು, ಮೇಲ್ಪದರವನ್ನು ತುಸು ಬಿಗಿ ಮಾಡಿದರು.

"ಮೊದಲನೇ ಕಡ್ಡಿ ಮೇಲಿಂದು ಸುಡೋಕೆ ಅಷ್ಟೇ. ಉಬ್ಬಿ ಬರತ್ತೆ, ಒತ್ತಿ. ಈಗ ಎರಡನೇ ಕಡ್ಡಿ. ಬಿಸಿ ಹಾಲು ಹೀರಿದ ಹಾಗೆ, ಒಂದೊಂದೇ ಗುಟುಕು. ನುಂಗಬೇಡಿ, ಹೊಗೆ ಬಾಯಲ್ಲೇ ಇರ್ಲಿ."

ಮರಿಲಿಂಗಪ್ಪ ಹೆದರುತ್ತ ಹೀರಿದ. ಕೆಮ್ಮು ಬರಲಿಲ್ಲ. ನೀಲಿ ಹೊಗೆ ತೆಳ್ಳಗೆ ಹೊರಬಿತ್ತು. ಸಾಹೇಬರು ಕಣ್ಣು ಮುಚ್ಚಿ, ಮೂಗರಳಿಸಿ, "ಆಹಾ" ಎಂದರು. ಆ "ಆಹಾ" ಕೇಳಿ ಅವನಿಗೆ ಧೈರ್ಯ ಬಂತು.

"ಸಾಹೇಬ್ರ, ಸುರಪುರಕ್ಕ ನನ್ನ ಬದ್ಲಿ..."

"ಅದಾ? ಬೆಳಿಗ್ಗೆ ಮಂಜೂರು ಮಾಡೋಣ ಅಂತ ಪೆನ್ನು ತೆಗೆದಿದ್ದೆ ಕಣ್ರೀ. ಅಷ್ಟರಲ್ಲಿ ದಸ್ತಗೀರಸಾಬರು ಬಂದು ನೀವು ಪೈಪು ಸೇದ್ತೀರಿ ಅಂದ್ರು. ತಕ್ಷಣ ಪೆನ್ನು ಮುಚ್ಚಿಟ್ಟೆ. ನಿಮ್ಮಂಥೋರನ್ನ ಹೇಗೆ ಬಿಟ್ಟುಕೊಡ್ಲಿ? ನಾನು ಇಲ್ಲಿರೋ ತನಕ ನೀವೂ ಇಲ್ಲೇ. ನಾಳೆ ಆರು ಗಂಟೆಗೆ ಬಂದ್ಬಿಡಿ."

ಗೇಟಿನ ಹೊರಗೆ ದಸ್ತಗೀರಸಾಬ ಕಾದು ನಿಂತಿದ್ದ. ಗೆಳೆಯನ ಬಾಯಿಂದ ಬಂದ ಘಮ ಮೂಗಿಗೆ ಬಡಿದದ್ದೇ ಅವನ ಬೆನ್ನು ಚಪ್ಪರಿಸಿದ.

"ನಾ ಬಾಯಿ ಬಿಡಲಿಲ್ಲಂದ್ರ ನಿನ್ನ ಕೆಲಸ ಆಗ್ತಿತ್ತೇನು?"

"ಆಗ್ತಿತ್ತು," ಎಂದ ಮರಿಲಿಂಗಪ್ಪ, ತನಗೇ ಕೇಳದಷ್ಟು ಮೆಲ್ಲಗೆ.

"ಏನಂದಿ?"

"ಏನಿಲ್ಲೋ. ನಾಳಿ ಆರಕ್ಕ ಮತ್ತ ಬಾ ಅಂದಾರ."