ಸೊಸೆಯ ಬಾಯಲ್ಲಿ ನನ್ನ ಕನ್ನಡ

ತಪ್ಪು ಕಂಡರೆ ಸುಮ್ಮನಿರಲಾಗದ ಒಂದು ಬಗೆಯ ಜನರಿದ್ದಾರೆ. ನಾನು ಆ ಪೈಕಿ. ಲಿಂಗಸುಗೂರಿನ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತೇನೆ. ಮಸ್ಕಿಯಿಂದ ದಿನವೂ ಬಸ್ಸಿನಲ್ಲಿ ಹೋಗಿಬರುವಾಗ ರಸ್ತೆಯ ಇಬ್ಬದಿಯ ಅಂಗಡಿ ಬೋರ್ಡುಗಳನ್ನು ಮನಸ್ಸಿನಲ್ಲೇ ತಿದ್ದುತ್ತಿರುತ್ತೇನೆ. ಮದುವೆಗೆ ಕರೆಯಲು ಬಂದವರ ಎದುರಿಗೇ ಪೆನ್ನು ತೆಗೆದು ಲಗ್ನಪತ್ರಿಕೆಯ ಒತ್ತಕ್ಷರ ಸರಿಪಡಿಸಿದ್ದೂ ಉಂಟು. ಅವರು ಪತ್ರಿಕೆಯನ್ನು ನನ್ನ ಕೈಯಲ್ಲೇ ಬಿಟ್ಟು, ಚಹಾ ಕೂಡ ಕುಡಿಯದೆ ಎದ್ದುಹೋಗಿದ್ದರು.

ಇಂಥ ನನಗೆ ನಾಗಪುರದಿಂದ ತಂಗಿಯ ಫೋನು ಬಂತು. ಅವಳ ಗಂಡನಿಗೆ ಅಲ್ಲಿ ರೈಲ್ವೆಯಲ್ಲಿ ಕೆಲಸ. ಮಗಳು ಪಲ್ಲವಿ ಹುಟ್ಟಿ ಬೆಳೆದದ್ದೆಲ್ಲ ಅಲ್ಲಿಯೇ. ಈಗ ಅವಳಿಗೆ ನಮ್ಮ ಕಡೆಗೇ ಬಂದು ಕೃಷಿ ಪದವಿ ಓದುವ ಆಸೆ. ಹೊರನಾಡ ಕನ್ನಡಿಗರ ಮಕ್ಕಳಿಗೆಂದು ಇರುವ ಸೀಟು ಸಿಗಬೇಕಾದರೆ ಕನ್ನಡ ಪರೀಕ್ಷೆ ಪಾಸಾಗಬೇಕು.

“ಮಾತಾಡಾಕ ಅಕಿಗೆ ಯಾರೂ ಕಲಸಬೇಕಾಗಿಲ್ಲಣ್ಣಾ. ಬರಿಯಾಕ ಬರಂಗಿಲ್ಲ. ನಿನ್ನ ಸೊಸಿ, ನೀನ ನೋಡು” ಎಂದಳು ತಂಗಿ. ನಮ್ಮ ಕಡೆ ತಂಗಿಯ ಮಗಳೂ ಸೊಸೆಯೇ.

ಮಾತಿನ ವಿಷಯದಲ್ಲಿ ತಂಗಿ ಹೇಳಿದ್ದು ಸುಳ್ಳಲ್ಲ. ಪಲ್ಲವಿ ಮನೆಗೆ ಕಾಲಿಟ್ಟವಳೇ ನನ್ನ ತಾಯಿಯ ಪಕ್ಕದಲ್ಲಿ ಕುಳಿತು, “ಯಮ್ಮಾ, ರೈಲಿನ್ಯಾಗ ನಿದ್ದಿನ ಇಲ್ಲ, ಮೈಯೆಲ್ಲ ಹಣ್ಣಾಗೈತಿ, ಜಲ್ದಿ ರೊಟ್ಟಿ ಹಾಕು” ಎಂದಳು. ನಮ್ಮ ಮನೆಯಲ್ಲಿ ತಾಯಿ ‘ಅವ್ವ’, ಅಜ್ಜಿ ‘ಅಮ್ಮ’. ತಂಗಿ ಮದುವೆಯಾಗಿ ಹೋಗುವಾಗ ಇಲ್ಲಿ ಏನೇನು ಮಾತಿತ್ತೋ ಅದನ್ನು ಒಂದೂ ಚೆಲ್ಲದಂತೆ ಮಗಳಿಗೆ ದಾಟಿಸಿದ್ದಳು. ಮಸ್ಕಿಯ ಹುಡುಗರೇ ಮರೆತ ಶಬ್ದಗಳು ನಾಗಪುರದ ಹುಡುಗಿಯ ಬಾಯಲ್ಲಿದ್ದವು. ಅವ್ವನಿಗೆ ಹಿಗ್ಗೋ ಹಿಗ್ಗು. ಅಜ್ಜಿ ಮೊಮ್ಮಗಳು ಅಡುಗೆಮನೆಯಲ್ಲಿ ಕುಳಿತರೆ ನಗುವಿನ ಸದ್ದು ಓಣಿಯವರೆಗೂ ಕೇಳುತ್ತಿತ್ತು.

ನಾನು ಪಾಠ ಆರಂಭಿಸಿದೆ. ಅಕ್ಷರಗಳನ್ನು ಹುಡುಗಿ ಬೇಗನೆ ಹಿಡಿದಳು. ಒಂದು ದಿನ ‘ನನ್ನ ಅಮ್ಮ’ ಎಂಬ ಪ್ರಬಂಧ ಬರೆಯಲು ಹೇಳಿದೆ. ಅವಳು ಬರೆದಳು: “ಅಮ್ಮಗ ಹಲ್ಲಿಲ್ಲ. ಅದಕ್ಕ ಶೇಂಗಾ ಕುಟ್ಟಿ ತಿಂತಾಳ. ಮಾಮಾಗ ಬೈತಾಳ. ಮಾಮಾ ಅಂಜತಾನ.”

ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಆದರೂ ಹಾಳೆ ತುಂಬ ಕೆಂಪು ಮಾಡಿದೆ. ‘ಅಕಿ’ ಹೋಗಿ ‘ಅವಳು’ ಬಂದಳು, ‘ಚಲೋ’ ಹೋಗಿ ‘ಒಳ್ಳೆಯದು’ ಬಂತು, ‘ದವಾಖಾನಿ’ ಹೋಗಿ ‘ಆಸ್ಪತ್ರೆ’ ಬಂತು.

“ಮಾಮಾ, ದವಾಖಾನಿ ಉರ್ದು ಅಂತ ತಗದಿ. ಆಸ್ಪತ್ರೆ ಅಂದ್ರ ಹಾಸ್ಪಿಟಲ್ ಅಲ್ಲೇನು? ಅದೆಂಗ ಕನ್ನಡ ಆತು?”

ಉತ್ತರ ಹೊಳೆಯದಾಗ ಮೇಷ್ಟ್ರುಗಳು ಮಾಡುವುದನ್ನೇ ಮಾಡಿದೆ: ಗದರಿದೆ. ಪರೀಕ್ಷೆ ಮುಗಿಯುವವರೆಗೆ ಮನೆಯಲ್ಲೂ ಪುಸ್ತಕದ ಕನ್ನಡವನ್ನೇ ಆಡಬೇಕೆಂದು ಕಟ್ಟಪ್ಪಣೆ ಮಾಡಿದೆ. “ಹಂಗಾರ ಅಕಿ ನನ್ನ ಕೂಡ ಏನ್ ಮಾತಾಡ್ಬೇಕಪ್ಪಾ?” ಎಂದು ಅವ್ವ ಕೇಳಿದಳು. ಸೀಟು ಮುಖ್ಯವೋ ಹರಟೆ ಮುಖ್ಯವೋ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಪಲ್ಲವಿ ಪಾಸಾದಳು. ರಾಯಚೂರಿನ ಕೃಷಿ ಕಾಲೇಜಿನಲ್ಲಿ ಸೀಟೂ ಸಿಕ್ಕಿತು. ನಾನು ಕಾಲೇಜಿನಲ್ಲಿ ಪೇಢೆ ಹಂಚಿ, ಸಿಕ್ಕವರಿಗೆಲ್ಲ ನನ್ನ ಬೋಧನಾ ಕ್ರಮವನ್ನು ವಿವರಿಸಿದೆ.

ಮೊದಲ ರಜೆಗೆ ಅವಳು ಮಸ್ಕಿಗೆ ಬಂದಾಗ ಮುಖ ಬಾಡಿತ್ತು. ಹಾಸ್ಟೆಲಿನ ಕೋಣೆಯಲ್ಲಿ ನಮ್ಮ ಕಡೆಯವರೇ ಇಬ್ಬರು, ಗುರುಗುಂಟಾದವಳೊಬ್ಬಳು, ದಢೇಸುಗೂರಿನವಳೊಬ್ಬಳು ಇದ್ದರಂತೆ. ಇವಳು ಬಾಯಿ ತೆರೆದರೆ ಸಾಕು, “ರೇಡಿಯೋದಾಗಿನ ಬಾತಮಿ ಓದಾಕತ್ತಾಳ, ಕೇಳ್ರೆ!” ಎಂದು ನಗುತ್ತಿದ್ದರಂತೆ. ಹಳೆಯ ಮಾತು ಆಡಹೋದರೆ ತಪ್ಪಾದೀತೆಂಬ ಭಯ, ಹೊಸ ಮಾತು ಆಡಿದರೆ ನಗೆ. ಹುಡುಗಿ ಮಾತನ್ನೇ ಕಡಿಮೆ ಮಾಡಿದ್ದಳು. “ಅಜ್ಜಿ, ತಾವು ಆರೋಗ್ಯವಾಗಿದ್ದೀರಾ?” ಎಂದು ಅವ್ವನನ್ನು ಕೇಳಿದಳು. ಅವ್ವ ಅವಳನ್ನೂ ನೋಡಿದಳು, ನನ್ನನ್ನೂ ನೋಡಿದಳು, ರೊಟ್ಟಿ ಬಡಿಯಲು ಎದ್ದಳು.

ಕೆಡಿಸಿದವನು ನಾನೇ, ಸರಿ ಮಾಡುವವನೂ ನಾನೇ ಆಗಬೇಕೆಂದು ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲೇ ಹೊಸ ಪಾಠ ಹಚ್ಚಿದೆ. “ನೋಡು ಪಲ್ಲವಿ, ‘ಮಾಡಾಕತ್ತೀನಿ’ ಎಂಬಲ್ಲಿ ಕ್ರಿಯೆ ಇನ್ನೂ ನಡೆಯುತ್ತಿದೆ ಎಂಬ ಅರ್ಥವಿದೆ. ಈಗ ಇದನ್ನು ಸ್ವಂತ ವಾಕ್ಯದಲ್ಲಿ ಬಳಸು.”

ಪಲ್ಲವಿ ತಲೆ ತಗ್ಗಿಸಿದಳು. ಅವ್ವ ಕೈಯ ಹಿಟ್ಟು ಕೊಡವಿ, “ಏಳು ಮೊದಲ. ಹೊರಗ ನಡಿ. ನೀ ಎದುರಿಗಿದ್ರ ಆ ಕೂಸಿಗೆ ಬಾಯಿ ಹೆಂಗ ಬರಬೇಕು?” ಎಂದು ನನ್ನನ್ನು ಎಬ್ಬಿಸಿ ಹೊರಹಾಕಿದಳು.

ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕುಳಿತೆ. ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ಆಮೇಲೆ ಅವ್ವನ ದನಿ. ಅದಕ್ಕೆ ಒಂದು ಸಣ್ಣ ಉತ್ತರ. ಆಮೇಲೆ ಇನ್ನೊಂದು, ಸ್ವಲ್ಪ ಉದ್ದದ್ದು. “ಅಯ್ಯ, ಆ ಗುರುಗುಂಟಾದಾಕಿ ಭಾಳ ಜೋರದಾಳ ಬೇ ಯಮ್ಮಾ, ಆದ್ರ ನಾನೇನ್ ಕಮ್ಮಿ ಅದೀನೇನು?” ಎಂಬ ಪಲ್ಲವಿಯ ದನಿ, ಅದರ ಬೆನ್ನಿಗೇ ಇಬ್ಬರ ನಗು. ಕಣ್ಣಲ್ಲಿ ನೀರು ಬಂತು. ಆ ಸಂತೋಷದಲ್ಲಿ ನನಗೂ ಒಂದು ಪಾಲು ಬೇಕೆನಿಸಿ ಎದ್ದು ಒಳಗೆ ಹೋದೆ.

ನಗು ನಿಂತಿತು. ಪಲ್ಲವಿ ತಟ್ಟನೆ ಎದ್ದುನಿಂತು, ಚೂಡಿದಾರದ ವೇಲನ್ನು ಸರಿಪಡಿಸಿಕೊಂಡು, ಒಂದೂ ತಪ್ಪಿಲ್ಲದ ಕನ್ನಡದಲ್ಲಿ ಕೇಳಿದಳು:

“ಮಾವ, ತಾವು ಚಹಾ ಕುಡಿಯುತ್ತೀರಾ?”

ತಿದ್ದಲು ಏನೂ ಉಳಿದಿರಲಿಲ್ಲ. “ಕುಡಿಯುತ್ತೇನೆ” ಎಂದೆ.